ಒಂಬತ್ತು ಗುಂಡಿಯ ಪ್ಯಾಂಟು

ಗಿರಾಕಿಯ ಪ್ಯಾಂಟಿನ ಉದ್ದ ಅಳೆಯಲು ದರ್ಜಿ ಕುಕ್ಕರುಗಾಲಲ್ಲಿ ಕೂತರು. ಏಳುವಷ್ಟರಲ್ಲಿ ಅವರದೇ ಪ್ಯಾಂಟು ನೆನೆದಿತ್ತು. ಅರವತ್ತಾರರ ಪ್ರಾಯ. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಬಾಯಿ ಬಿಟ್ಟದ್ದು ಮಾತ್ರ ಬೆಂಚಿನ ಮೇಲೆ ಕೂತಿದ್ದ ಭಾವಮೈದ, ಹೆಂಡತಿಯ ತಮ್ಮ, ಕಚೇರಿಯೊಂದರ ಹೆಡ್ ಕ್ಲಾರ್ಕು.

"ಏನ್ ಭಾವ, ಬಟ್ಟೇನ ಹೊಲಿಯೋಕೆ ಮುಂಚೆ ನೆನೆಸ್ತಾರೆ ಅಂತ ಗೊತ್ತಿತ್ತು. ಹಾಕ್ಕೊಂಡೇ ನೆನೆಸೋದು ಇವತ್ತು ನೋಡಿದೆ."

ಗಿರಾಕಿಗಳು ನಕ್ಕರು. ನೀರಿಗಿಂತ ಬೇಗ ಸುದ್ದಿ ಸೋರಿ, ವಾರದೊಳಗೆ ನೆಂಟರಿಷ್ಟರೆಲ್ಲ ಅವರನ್ನು ಒದ್ದೆ ಮಾಸ್ಟರ್ ಎನ್ನತೊಡಗಿದರು.

ಪ್ರಾಸ್ಟೇಟ್ ಗ್ರಂಥಿ ಊದಿ ಮೂತ್ರದ ದಾರಿಯನ್ನು ಒತ್ತಿಹಿಡಿದಿದೆ, ಮೂತ್ರಕೋಶ ಪೂರ್ತಿ ಖಾಲಿಯಾಗದೆ ಉಳಿದದ್ದರಲ್ಲಿ ಸೋಂಕು ಸೇರಿಕೊಂಡಿದೆ, ಉರಿ, ಜ್ವರ ಎಲ್ಲ ಅದರಿಂದಲೇ ಎಂದು ಡಾಕ್ಟರು ವಿವರಿಸಿದರು. ಗುಳಿಗೆಗೆ ಉರಿ ಇಳಿಯಿತು. ಹೊಟ್ಟೆಯುರಿ ಇಳಿಯಲಿಲ್ಲ.

ಎರಡು ವರ್ಷ ಕಾದರು. ಭಾವಮೈದ ತನ್ನ ನಿವೃತ್ತಿ ಸಮಾರಂಭಕ್ಕೆ ಪ್ಯಾಂಟು ಹೊಲಿಸಲು ಬಂದ. ಅಳತೆ ಕೊಡುವ ಅರ್ಧ ಗಂಟೆಯಲ್ಲಿ ಮೂರು ಸಲ ಅಂಗಡಿ ಹಿಂದಿನ ಟಾಯ್ಲೆಟ್ಟಿಗೆ ಹೋಗಿ, ಬಹಳ ಹೊತ್ತು ನಿಂತು, ಹುಳ್ಳಗೆ ಮುಖ ಮಾಡಿಕೊಂಡು ವಾಪಸಾದ. ದರ್ಜಿಗೆ ಅರ್ಥವಾಗಲು ಡಾಕ್ಟರು ಬೇಕಿರಲಿಲ್ಲ. ಬೇಗ ತೋರಿಸಿಕೋ ಎಂದು ಒಂದು ಮಾತು ಹೇಳಬಹುದಿತ್ತು. ಅವರು ಗುಂಡುಸೂಜಿ ಕಚ್ಚಿಕೊಂಡು ಅಳತೆ ಬರೆದುಕೊಂಡರು.

ಆಮೇಲೆ ಬಾಗಿಲು ಹಾಕಿಕೊಂಡು ಹೊಲಿದರು. ಜಿಪ್ಪಿಲ್ಲ, ಒಂಬತ್ತು ಪುಟ್ಟ ಗುಂಡಿ. ಕಾಜಾಗಳು ಒಂದೊಂದು ಎಳೆಯಷ್ಟು ಬಿಗಿ. ತಾವೇ ತೊಟ್ಟು, ಅವಸರ ಬರುವ ತನಕ ಕಾದು, ಬಿಚ್ಚಲು ಹೊರಟು ಐದನೆಯ ಗುಂಡಿಗೇ ಸೋತು ಸಂತೃಪ್ತರಾದರು. ಒಗೆದು ಇಸ್ತ್ರಿ ಮಾಡಿ, ಇದು ಹಳೇ ಕಾಲದ ದೊಡ್ಡ ಸಾಹೇಬರ ಠೀವಿ ಎಂದು ಭಾವಮೈದನನ್ನು ಒಪ್ಪಿಸಿದರು.

ಸಮಾರಂಭದಲ್ಲಿ ದರ್ಜಿ ಮೊದಲ ಸಾಲು ಹಿಡಿದರು. ಹೊಗಳಿಕೆ ಎರಡು ಗಂಟೆ ಹರಿಯಿತು. ನಡುವೆ ಅವರೇ ಎರಡು ಸಲ ಎದ್ದು ಓಡಿದರು. ನೋಡಬೇಕಾದದ್ದು ತಪ್ಪೀತೆಂದು ಅರ್ಧಕ್ಕೇ ಮುಗಿಸಿ ಓಡಿಬಂದರು. ವೇದಿಕೆಯ ಮೇಲೆ ಭಾವಮೈದ ಲೋಟದ ಮೇಲೆ ಲೋಟ ನೀರು ಕುಡಿಯುತ್ತ, ಎಲ್ಲರಿಗೂ ಹಲ್ಲು ಕಿರಿಯುತ್ತ, ಕದಲದೆ ಕೂತಿದ್ದ.

ಜನ ಕರಗಿದ ಮೇಲೆ ದರ್ಜಿಗೆ ತಡೆಯಲಾಗಲಿಲ್ಲ.

"ಅಲ್ಲಪ್ಪ, ಒಂದ್ಸಲಾನೂ ಏಳದೆ ಅದು ಹೇಗೆ ಕೂತೆ?"

"ಮೊನ್ನೆ ಮೂತ್ರ ಪೂರ್ತಿ ಕಟ್ಟಿಬಿಡ್ತು ಭಾವ. ಆಸ್ಪತ್ರೇಲಿ ಪೈಪು ಹಾಕಿ, ಚೀಲಾನ ಕಾಲಿಗೆ ಕಟ್ಟಿ ಕಳಿಸಿದಾರೆ. ಗುಂಡಿ ಮುಟ್ಟೋ ಕೆಲಸಾನೇ ಇಲ್ಲ. ಇದೇ ಥರ ಇನ್ನೆರಡು ಹೊಲಿದುಕೊಡಿ, ಕಾಲು ಮಾತ್ರ ಸ್ವಲ್ಪ ಸಡಿಲ ಇರಲಿ."