ನಾಲ್ಕು ನಿಮಿಷದ ವರದಿಗಾರ

1983ರ ಜುಲೈ ಮೊದಲ ವಾರ, ಬೆಳಿಗ್ಗೆ ಹನ್ನೊಂದು ದಾಟಿದ ಹೊತ್ತಿನಲ್ಲಿ, ಸವಣೂರು ತಾಲೂಕಿನ ಹಳ್ಳಿಯೊಂದರ ಒಂದೇ ಕೋಣೆಯ ಶಾಲೆಯಲ್ಲಿ ಮಕ್ಕಳೂ ಇರಲಿಲ್ಲ, ಶಿಕ್ಷಕಿಯೂ ಇರಲಿಲ್ಲ. ಇದನ್ನು ನಾನೇ ಕಣ್ಣಾರೆ ಕಂಡೆ. ಮರುದಿನ ಇದೇ ಪತ್ರಿಕೆಯಲ್ಲಿ ಬರೆದೆ. ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.

ಕಷ್ಟ ಶುರುವಾದದ್ದು ಅಲ್ಲಿಂದಲೇ.

ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು, ನಾಲ್ಕೂ ತಾಲೂಕುಗಳಿಗೆ ನಾನೊಬ್ಬನೇ ವರದಿಗಾರ. (ಫೋಟೋಗ್ರಾಫರ್ ಕೂಡ ನಾನೇ. ಕ್ಯಾಮೆರಾ ಇಲ್ಲ, ಅಷ್ಟೇ.) ನಿಖರತೆಯ ಬಗ್ಗೆ ನನಗಿರುವ ಹೆಮ್ಮೆ ಈ ಅಂಕಣ ಓದುವ ನಿಮಗೆಲ್ಲ ಗೊತ್ತೇ ಇದೆ. ಸವಣೂರು ಬಸ್ ಸ್ಟ್ಯಾಂಡಿನ ಹೋಟೆಲ್ಲಿನಲ್ಲಿ ಕುರುಕಲು ಖಾರ ತಿನ್ನುತ್ತಿದ್ದಾಗ ಆ ಹಳ್ಳಿಯವರೊಬ್ಬರು, ತಮ್ಮೂರ ಶಾಲೆಯ ಅಕ್ಕೋರು ದಿನಾ ಒಂದು ತಾಸು ಕ್ಲಾಸಿನಲ್ಲೇ ಇರುವುದಿಲ್ಲ ಎಂದು ದೂರಿದರು. ಬರೀ ಕೇಳಿದ್ದನ್ನು ಬರೆದರೆ ನಾನೆಂಥ ಪತ್ರಕರ್ತ? ಯಲವಿಗಿ ಸ್ಟೇಷನ್ನಿನ ಬಳಿ ಬಾಡಿಗೆ ಸೈಕಲ್ ಹಿಡಿದು ನೋಡಿಯೇ ಬಿಡೋಣವೆಂದು ಹೋದೆ.

ಬಾಗಿಲು ತೆರೆದಿತ್ತು. ಆದರೂ ಕಿಟಕಿಯಲ್ಲಿ ಇಣುಕಿದೆ. (ವೃತ್ತಿಯ ಚಟ.) ಪಾಟೀಚೀಲಗಳು ಸಾಲಾಗಿದ್ದವು. ಯಾರೂ ಇಲ್ಲ. ಎಲ್ಲೋ ಹತ್ತಿರದಲ್ಲಿ ಒಂದು ಹಕ್ಕಿ ಮನೆಗೆ ಕಳ್ಳ ನುಗ್ಗಿದ ಹಾಗೆ ಕಿರುಚುತ್ತಿತ್ತು. ವರದಿಗೆ ಸ್ವಲ್ಪ ಬಣ್ಣ ಬೇಡವೇ? ಕೊನೆಯ ಸಾಲು ಸೈಕಲ್ ಮೇಲೆಯೇ ಹೊಳೆಯಿತು: ‘ಶಾಲೆಯಲ್ಲಿ ಕೇಳಿಬರುತ್ತಿದ್ದುದು ಹಕ್ಕಿಯ ಕೂಗು ಮಾತ್ರ.’

ಆ ಸಾಲಿನ ಬಗ್ಗೆ ನಾನು ಹನ್ನೊಂದು ದಿನ ಬೀಗಿದೆ.

ಸುದ್ದಿ ಬಂದ ದಿನವೇ ಶಿಕ್ಷಣ ಇಲಾಖೆಯಿಂದ ಶಾಲೆಗೆ ಆದೇಶ ಹೋಯಿತು. ವಿಚಾರಣೆ ಮುಗಿಯುವವರೆಗೆ ಮಕ್ಕಳನ್ನು ಕೋಣೆಯಿಂದ ಹೊರಗೆ ಒಯ್ಯಕೂಡದು. ತಪ್ಪು ಸಾಬೀತಾದರೆ ಅಕ್ಕೋರಿಗೆ ಹಿರೇಕೆರೂರಿನ ಆಚೆಗೆ ವರ್ಗ. ವಿಚಾರಣೆಯ ಸಾಹೇಬರು ಬಂದದ್ದು ಹನ್ನೆರಡನೇ ದಿನ. ನಾನೂ ಹೋದೆ. ಸುದ್ದಿಯ ಪರಿಣಾಮವನ್ನು ವರದಿ ಮಾಡಬೇಕಲ್ಲ?

ಅಕ್ಕೋರ ಹೆಸರು ದಿಲಶಾದ. ಸವಣೂರಿನವರು, ನಲವತ್ತರ ಆಸುಪಾಸು. ಅವರು ಅಳಲಿಲ್ಲ, ಜಗಳಕ್ಕೂ ಬರಲಿಲ್ಲ. ಖಾಕಿ ರಟ್ಟು ಹಾಕಿದ ಉದ್ದನೆಯ ನೋಟ್‌ಬುಕ್ಕೊಂದನ್ನು ಸಾಹೇಬರ ಮುಂದಿಟ್ಟರು. ದಿನಾ ಒಂದು ತಾಸು ಹೊರಗೆ ನೋಡಿದ್ದನ್ನು ಮಕ್ಕಳು ಸರದಿಯ ಮೇಲೆ, ಗಡಿಯಾರದ ಸಮಯ ಹಾಕಿ, ಅದರಲ್ಲಿ ಬರೆಯುತ್ತಾರೆ. ಸಾಹೇಬರು ನಾನು ಹೋಗಿದ್ದ ದಿನದ ಪುಟ ತೆಗೆದು ಓದಿದರು. ನನ್ನನ್ನೊಮ್ಮೆ ನೋಡಿದರು. ಪುಸ್ತಕವನ್ನು ನನ್ನ ಕಡೆ ಸರಿಸಿದರು.

‘11 ಗಂಟೆ 10 ನಿಮಿಷ. ತೇನೆಹಕ್ಕಿ ತತ್ತಿ ಬಿಟ್ಟು ಎದ್ದು ಕೂಗಿತು. ಕಾರಣ: ಶಾಲೆಗೆ ಒಬ್ಬ ಮನುಷ್ಯ ಬಂದ. ಬಿಳಿ ಅಂಗಿ. ಸೈಕಲ್. ಕಿಟಕಿಯಲ್ಲಿ ನೋಡಿದ. ನಮ್ಮ ಕಡೆ ನೋಡಲಿಲ್ಲ. 11 ಗಂಟೆ 14 ನಿಮಿಷ. ಹೋದ. ಹಕ್ಕಿ ಮತ್ತೆ ಕಾವಿಗೆ ಕೂತಿತು.’

ಸಮಯ, ಕಾರಣ, ಪರಿಣಾಮ, ಎಲ್ಲ ಇದೆ. ವಿಶೇಷಣ ಒಂದೂ ಇಲ್ಲ. ಬರೆದವಳಿಗೆ ಒಂಬತ್ತು ವರ್ಷ.

ಅಕ್ಕೋರು ವಿವರಿಸಿದರು. ಶಾಲೆಯ ಹಿಂದೆ ನಲವತ್ತು ಹೆಜ್ಜೆಯಾಚೆ, ಸಣ್ಣ ಕಲ್ಲುಗಳ ಗರಸಿನ ನೆಲದ ಮೇಲೆ ತೇನೆಹಕ್ಕಿ ನಾಲ್ಕು ತತ್ತಿ ಇಟ್ಟಿತ್ತು. ಕಲ್ಲು ಯಾವುದು, ತತ್ತಿ ಯಾವುದು ತಿಳಿಯದ ಹಾಗೆ. ಮಕ್ಕಳು ಕಳ್ಳಿಬೇಲಿಯ ಹಿಂದೆ ಕೂತು ದಿನಾ ನೋಡುತ್ತಿದ್ದರು, ಮರಿ ಹೊರಬರುವುದನ್ನು ಕಾಣಲೆಂದು. ಮಾತಾಡುವಂತಿಲ್ಲ. ನನಗೆ ಮಕ್ಕಳ ಸದ್ದು ಕೇಳದಿದ್ದುದು ಅದಕ್ಕೇ.

ನಾನು ಕೊನೆಯ ವಾದ ಹೂಡಿದೆ. “ನನ್ನ ಒಂದ್ ಸಲ ಕರೀಬೇಕಿತ್ತಲ್ರಿ, ಅಕ್ಕೋರ?”

“ಕರದಿದ್ರ ಹಕ್ಕಿ ದೂರ ಹೋಗ್ತಿತ್ರಿ,” ಎಂದರು. “ನೀವು ಹೆಂಗಿದ್ರೂ ಹೋಗಾವ್ರ ಇದ್ರಿ. ಅದು ಇರಬೇಕಾಗಿತ್ತು.”

ಸಾಹೇಬರು ಮುಂದಿನ ಸಾಲಿನ ಹುಡುಗಿಯೊಬ್ಬಳನ್ನು ಎಬ್ಬಿಸಿ, ಹೊರಗ ಹೋಗಿ ಏನು ಕಲಿತಿ ಎಂದು ಕೇಳಿದರು. ಅವಳು ಯೋಚಿಸಿ ಹೇಳಿದಳು.

“ಸುಮ್ಮ ಕುಂತು ನೋಡೂದು ಕಲತೇನ್ರಿ.”

ಹನ್ನೆರಡು ವರ್ಷದ ನೌಕರಿಯಲ್ಲಿ ನನಗೆ ಯಾರೂ ಕಲಿಸದ ಪಾಠ ಅದು. ಕಲಿಯಲು ನಾನು ನಾಲ್ಕು ನಿಮಿಷಕ್ಕಿಂತ ಹೆಚ್ಚು ಹೊತ್ತು ಎಲ್ಲಿ ನಿಂತಿದ್ದೇನೆ? ನೀವಾದರೂ ನಿಂತಿದ್ದೀರಾ?

ಆದೇಶ ಅಲ್ಲಿಯೇ ರದ್ದಾಯಿತು. ವರ್ಗದ ಮಾತೂ ಮುಗಿಯಿತು. (ನನ್ನ ತಿದ್ದುಪಡಿ ಐದನೇ ಪುಟದಲ್ಲಿ, ಪಂಪ್‌ಸೆಟ್ ಜಾಹೀರಾತಿನ ಕೆಳಗೆ, ಎರಡು ಸಾಲು ಬಂದಿದೆ. ಯಾರೂ ಓದಿದಂತಿಲ್ಲ.) ಸಾಹೇಬರೇ ಹೇಳಿದರು, ನಡೀರಿ ನೋಡೋಣ. ಎಲ್ಲರೂ ಸದ್ದಿಲ್ಲದೆ ಹೋಗಿ ಬೇಲಿಯ ಹಿಂದೆ ಕೂತೆವು. ಯಾವ ಹಕ್ಕಿಯೂ ಏಳಲಿಲ್ಲ, ಕೂಗಲಿಲ್ಲ. ಕಡೆಗೆ ಮಕ್ಕಳು ಹತ್ತಿರ ಹೋದರು. ಗರಸಿನಲ್ಲಿ ಅಂಗೈಯಷ್ಟು ಅಗಲದ ಒಂದು ತಗ್ಗು ಇತ್ತು. ತತ್ತಿ ಇರಲಿಲ್ಲ, ಚಿಪ್ಪೂ ಇರಲಿಲ್ಲ.

“ಮರಿ ಆಗಿ ಹೋದ್ವೇನ್ರಿ ಅಕ್ಕೋರ, ಇಲ್ಲಾ ಯಾವದಾರ ಪ್ರಾಣಿ ತಿಂತೋ?” ಆ ದಿನ ಬರೆಯುವ ಸರದಿಯ ಹುಡುಗ ಕೇಳಿದ.

“ನಾವು ನೋಡಿಲ್ಲಲ್ಲಪಾ,” ಎಂದರು ಅಕ್ಕೋರು. “ನೋಡಿದ್ದಷ್ಟ ಬರಿ.”

ಪುಸ್ತಕದಲ್ಲಿ ಹನ್ನೊಂದು ದಿನಗಳ ಜಾಗ ಖಾಲಿ ಇದೆ. ಹನ್ನೆರಡನೇ ದಿನದ ದಾಖಲೆ ಇಷ್ಟು: ‘12 ಗಂಟೆ 5 ನಿಮಿಷ. ತತ್ತಿ ಇಲ್ಲ. ಹಕ್ಕಿ ಇಲ್ಲ. ಮರಿ ಆದವೋ ಇಲ್ಲವೋ ಗೊತ್ತಿಲ್ಲ.’