ಗಂಗವ್ವನ ಹೊಸ ಕೀಲಿ

ಮನೆ ವಿಮೆ ಮಾಡಿಸುವ ನನಗೆ ಗುಡೂರಿನ ಗಂಗವ್ವನಷ್ಟು ಪ್ರಶ್ನೆ ಕೇಳಿದವರು ಯಾರೂ ಇಲ್ಲ. ಬೆಂಕಿ, ಸಿಡಿಲು, ಮಳೆಗೆ ಬಿದ್ದ ಗೋಡೆ, ಎಲ್ಲಕ್ಕೂ ತಲೆಯಾಡಿಸಿದವಳು ಕಳವಿನ ಷರತ್ತಿಗೆ ಬಂದಾಗ ತಡೆದಳು.

"ಕೀಲಿ ಮುರದು ಕದ್ರಷ್ಟ ರೊಕ್ಕ ಬರ್ತದ್ರಿ ಅಕ್ಕಾರ. ತೆರದ ಬಾಗಲದಾಗ ಬಂದು ಒಯ್ದ್ರ ಬರೂದಿಲ್ಲ," ಎಂದೆ.

"ನಮ್ಮ ಮನಿಗೆ ಕೀಲೀನ ಇಲ್ಲಲ್ಲೋ ತಮ್ಮಾ."

"ಒಂದು ತರ್ರಿ."

ಆಕೆ ದನಿ ತಗ್ಗಿಸಿದಳು. "ಎದುರುಮನಿ ಹಸೀನಾ, ನಾ ಇರ್ಲಿ ಬಿಡ್ಲಿ, ಒಳಗ ಬಂದು ಮಜ್ಜಿಗಿ ಒಯ್ತಾಳ. ಬರದ ಕಳ್ಳನ ಸಂಬಂಧ ದಿನಾ ಬರೋ ಹಸೀನಾಗ ಬಾಗಲಾ ಹಾಕ್ಲೇನು?"

ನಾನು ಪಾಲಿಸಿಯ ಕಾಗದ ಮಡಚಿ ಚೀಲಕ್ಕಿಟ್ಟೆ. "ಷರತ್ತು ನಾ ಬರದದ್ದಲ್ರಿ," ಎಂದು ಎದ್ದು ಬಂದೆ.

ಮುಂದಿನ ವಾರ ಹೋದರೆ ಬಾಗಿಲಿಗೆ ಅಂಗೈಯಗಲದ ಹೊಸ ಕೀಲಿ! ನನ್ನ ಮಾತು ನಡೆಯಿತೆಂದು ಹಿಗ್ಗಿದೆ. ಮಜ್ಜಿಗೆ ನೆನಪಾಗಿ ಯಾಕೋ ಕೆಡುಕೆನಿಸಿತು. ಅಷ್ಟರಲ್ಲಿ ಎದುರುಮನೆಯಿಂದ ಹಸೀನಾ ಖಾಲಿ ಚರಿಗೆ ಹಿಡಿದು ಬಂದಳು.

"ಅಕ್ಕ ಹೊಲಕ್ಕ ಹೋಗ್ಯಾಳ್ರಿ. ಒಳಗ ಕುಂದರ್ರಿ ಬರ್ರಿ," ಎನ್ನುತ್ತ, ಬಾಗಿಲ ಪಕ್ಕದ ಮೊಳೆಗೆ ಕೆಂಪು ದಾರದಲ್ಲಿ ತೂಗುತ್ತಿದ್ದ ಕೀಲಿಕೈ ತೆಗೆದು ಬಾಗಿಲು ತೆರೆದಳು.

"ಇದು ಎಲ್ಲಾರಿಗೂ ಕಾಣ್ತದಲ್ರಿ!"

"ಕಾಣ್ಲಿ ಅಂತನ ಹಾಕ್ಯಾಳ್ರಿ. ಹುಡುಕೂ ತ್ರಾಸ ಯಾರಿಗೂ ಆಗಬಾರದಲ್ರಿ."

ಷರತ್ತನ್ನು ಮತ್ತೆ ವಿವರಿಸಲು ಬಾಯಿ ತೆರೆದೆ. ಅವಳು ಮಜ್ಜಿಗೆಯ ಲೋಟ ಕೈಗಿತ್ತು, ತನ್ನ ಚರಿಗೆ ತುಂಬಿಕೊಂಡು ಹೊರಟೇಬಿಟ್ಟಳು. ನಿಧಾನವಾಗಿ ಕುಡಿದೆ, ಲೋಟ ತೊಳೆದಿಟ್ಟೆ, ಹೊರಗೆ ಬಂದು ಷರತ್ತಿನ ಪ್ರಕಾರ ಕೀಲಿ ಹಾಕಿದೆ. ಆಮೇಲೆ ಕೀಲಿಕೈಯನ್ನು, ಎಲ್ಲರಿಗೂ ಕಾಣುವಂತೆ, ಅದೇ ಮೊಳೆಗೆ ತೂಗುಹಾಕಿದವನೂ ನಾನೇ.