ಗಣಿತದಲ್ಲಿ ಬಿ ಟೂ

ಹತ್ತನೇ ತರಗತಿಯ ಫಲಿತಾಂಶ ಅಂಕಗಳ ಬದಲು ಗ್ರೇಡುಗಳಲ್ಲಿ ಬರುತ್ತಿದ್ದ ಕಾಲವದು. ಎ ಒನ್ ಬಂದವರ ಮನೆಯಲ್ಲಿ ಕೇಸರಿಬಾತು, ಉಳಿದವರ ಮನೆಯಲ್ಲಿ ಉಪದೇಶ. ನನಗೆ ಮಿಕ್ಕಿದ್ದರಲ್ಲೆಲ್ಲ ಎ ಬಂದು, ಗಣಿತದಲ್ಲಿ ಮಾತ್ರ ಬಿ ಟೂ ಬಂದಿತ್ತು. ನನಗೆ ತುಂಬ ಇಷ್ಟವಾದ ವಿಷಯವೇ ಅದು. ಪರೀಕ್ಷೆಯಲ್ಲಿ ವೃತ್ತದ ಒಂದು ಲೆಕ್ಕ ಬಗೆಹರಿಯದೆ, ಬಿಟ್ಟು ಮುಂದೆ ಹೋಗಲೂ ಮನಸ್ಸಾಗದೆ, ಅದರಲ್ಲೇ ಕೂತುಬಿಟ್ಟಿದ್ದೆ. ಗಂಟೆ ಬಾರಿಸಿದಾಗ ಕೊನೆಯ ಪ್ರಶ್ನೆಗಳು ಹಾಗೇ ಉಳಿದಿದ್ದವು.

ಆಂಧ್ರದ ಗಡಿಯ ಬ್ರಹ್ಮಸಮುದ್ರದ ಹತ್ತಿರದ ನಮ್ಮೂರಲ್ಲಿ ಆಗ ಬಿತ್ತನೆಗೆಂದು ಕಡಲೆಕಾಯಿ ಸುಲಿಯುವ ಸಮಯ. ಪಡಸಾಲೆಯ ತುಂಬ ಒಣಸಿಪ್ಪೆಯ ಘಮ, ಮಣ್ಣಿನ ಧೂಳು. ಹೆಬ್ಬೆರಳು ಉರಿಯುತ್ತಿತ್ತು. ಒಡೆದ ಬೀಜಗಳು ಬೆಲ್ಲದ ಚೂರಿನ ಜೊತೆ ನಮ್ಮ ಬಾಯಿಗೆ. ಪಕ್ಕದ ಮನೆಯ ರತ್ನಳೂ ಬಂದು ಕೂರುತ್ತಿದ್ದಳು. ಅವಳಿಗೆ ಎಲ್ಲದರಲ್ಲೂ ಎ ಒನ್. ಹಿಂದೂಪುರದ ದೊಡ್ಡ ಕಾಲೇಜಿಗೆ ಇಬ್ಬರೂ ಒಟ್ಟಿಗೆ ಸೇರಬೇಕೆಂದು ಎಂದೋ ಮಾತಾಗಿತ್ತು.

“ನಿಂಗೆ ಸೀಟು ಸಿಗ್ನಿಲ್ಲ ಅಂದ್ರೆ?” ಎಂದಳು ಒಂದು ದಿನ.

ನಾನು ಸಿಪ್ಪೆಯನ್ನು ಬೀಜದ ರಾಶಿಗೆ ಹಾಕಿದೆ. ಅಜ್ಜಿ ಕೈಮೇಲೆ ತಟ್ಟಿ, “ಎಲ್ಲೈತಮ್ಮಿ ನಿನ್ ಗ್ಯಾನ?” ಎಂದರು.

ಸಂದರ್ಶನದ ದಿನ ಅಪ್ಪ, ಕಲ್ಯಾಣದುರ್ಗದಲ್ಲಿ ತಾವು ಓಡಿಸುತ್ತಿದ್ದ ಬಾಡಿಗೆ ಜೀಪನ್ನು ಗೆಳೆಯನಿಗೆ ಒಪ್ಪಿಸಿ ನನ್ನ ಜೊತೆ ಬಸ್ಸು ಹತ್ತಿದರು. ಹಿಂದೂಪುರದ ಆ ಕಾಲೇಜಿನ ಕಾರಿಡಾರಿನಲ್ಲಿ ಫಿನಾಯಿಲ್ ವಾಸನೆ. ರತ್ನ ಒಳಗೆ ಹೋಗಿ ನಗುತ್ತಾ ಬಂದಳು. ಆಮೇಲೆ ನನ್ನ ಸರದಿ.

ಪ್ರಿನ್ಸಿಪಾಲರು ತೆಲುಗಿನಲ್ಲಿ, “ಮ್ಯಾಥ್ಸ್‌ಲೋ ಬಿ ಟೂ ಕದಮ್ಮಾ”, ಗಣಿತದಲ್ಲಿ ಬಿ ಟೂ ಅಲ್ಲವೇನಮ್ಮ, ಎಂದರು. ಗಣಿತದ ಆಸೆ ಬಿಟ್ಟು ಕಾಮರ್ಸ್ ತೆಗೆದುಕೊಂಡರೆ ಈಗಲೇ ಸೀಟು ಕೊಡುವುದಾಗಿ ಹೇಳಿದರು. ಅಪ್ಪನ ಮುಖ ಅರಳಿತು. “ಒಪ್ಕೊಂಬುಡಮ್ಮಿ. ರತ್ನನೂ ಇರ್ತಾಳೆ” ಎಂದು ಪಿಸುಗುಟ್ಟಿದರು.

“ಸಾರ್, ಒಂದು ಲೆಕ್ಕ ಕೊಡಿ. ಇಲ್ಲೇ ಮಾಡಿ ತೋರಿಸ್ತೀನಿ” ಎಂದು ನಾನೂ ತೆಲುಗಿನಲ್ಲೇ ಕೇಳಿದೆ. ಅವರು ನಕ್ಕರು. ಕೆಟ್ಟ ನಗುವಲ್ಲ. ರೂಲು ಅಂದರೆ ರೂಲು ಎಂದರು.

“ಹಂಗಾದ್ರೆ ಬ್ಯಾಡ” ಅಂದೆ. ಈ ಸಲ ಕನ್ನಡವೇ ಬಾಯಿಗೆ ಬಂದಿತ್ತು. ಅವರಿಗೂ ಅರ್ಥವಾಯಿತು. ಎದ್ದು ಹೊರಗೆ ಬಂದೆ.

ಬಸ್‌ಸ್ಟ್ಯಾಂಡಿನಲ್ಲಿ ಅಪ್ಪ ಮಜ್ಜಿಗೆ ಕೊಡಿಸಿ, ತಾವೂ ಒಂದು ಗುಟುಕು ಕುಡಿದು ಕೇಳಿದರು. “ಅಷ್ಟ್ ದೊಡ್ಡ ಕಾಲೇಜು ಬ್ಯಾಡ ಅಂದ್ಬುಟ್ಟೆ. ನಾಳೆ ಅಳಲ್ವಾ?”

“ಅಳ್ತೀನಿ ಕಣಪ್ಪ. ಲೆಕ್ಕ ಮಾಡ್ಕೊಂಡೇ ಅಳ್ತೀನಿ.”

ಅಪ್ಪ ನಕ್ಕ ರಭಸಕ್ಕೆ ಮಜ್ಜಿಗೆ ನೆತ್ತಿಗೇರಿತು. ಮರುದಿನ ಅವರೇ ನನ್ನನ್ನು ಕಲ್ಯಾಣದುರ್ಗದ ಸರ್ಕಾರಿ ಜೂನಿಯರ್ ಕಾಲೇಜಿಗೆ ಕರೆದೊಯ್ದು ಗಣಿತಕ್ಕೆ ಸೇರಿಸಿದರು. ಅಲ್ಲಿ ಯಾರೂ ಗ್ರೇಡು ಕೇಳಲಿಲ್ಲ. ಹೇಳಿದಂತೆಯೇ ಅಳುವುದೂ ಆಯಿತು. ತ್ರಿಕೋನಮಿತಿ ನನ್ನನ್ನು ವಾರಗಟ್ಟಲೆ ಅಳಿಸಿತು. ಆದರೆ ನಾನು ಅದನ್ನು ಬಿಡಲಿಲ್ಲ. ಅಪ್ಪನ ಜೀಪಿನ ಮುಂದಿನ ಸೀಟಿನಲ್ಲಿ, ಗೇರಿಗೆ ಮೊಣಕಾಲು ತಾಗಿಸಿಕೊಂಡು ಲೆಕ್ಕ ಬಿಡಿಸಿದೆ. ಎರಡು ವರ್ಷದ ಮೇಲೆ ಎಂಜಿನಿಯರಿಂಗ್ ಸೀಟು ಸಿಕ್ಕಿತು.

ಈಗ ವಿದ್ಯುತ್ ಕಚೇರಿಯಲ್ಲಿ ಎಂಜಿನಿಯರ್ ಆಗಿದ್ದೇನೆ. ಮೊನ್ನೆ ಬೇರೆ ವಿಭಾಗಕ್ಕೆ ಹೋಗುವಂತೆ ಮೇಲಿನವರು ಹೇಳಿದರು. ನನಗೆ ಇಷ್ಟವಿರಲಿಲ್ಲ. ಆದರೂ ಇವರನ್ನು ಕೇಳಿದೆ, ಅವರನ್ನು ಕೇಳಿದೆ, ಮುಂದಿನ ಬಡ್ತಿಯನ್ನು ಯೋಚಿಸಿದೆ, ಕೊನೆಗೆ ತಲೆಯಾಡಿಸಿ ಒಪ್ಪಿಕೊಂಡು ಬಂದೆ. ಗ್ರೇಡು ಕಮ್ಮಿಯಿದ್ದಾಗ ನನ್ನ ಬಳಿ ಇದ್ದ ಧೈರ್ಯ, ಎಲ್ಲ ಸಿಕ್ಕಮೇಲೆ ಉಳಿದಿಲ್ಲ.